ಪತ್ತನಾಜೆ ಕಳೆಯಲಿ, ಎರಡನೇ ಮದ್ದೂ ಮುಗಿಯಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಒಂದು ತಿಂಗಳ ವಿದೇಶ ಪ್ರವಾಸದ ಮಾತೆದ್ದರೆ ಮೊದಲು ಕಣ್ಣು ಹೋಗುವುದು ಏಪ್ರಿಲ್-ಮೇ ತಿಂಗಳಿಗೆ. ಮಕ್ಕಳಿಗೆ ಆಗ ರಜೆ. ಪೇಟೆಯ ಟ್ರಾವೆಲ್ ಏಜೆನ್ಸಿಗಳ ಜಾಹೀರಾತು ಬರುವುದೂ ಆಗಲೇ. ಆದರೆ ತೋಟ ಇರುವ ಕುಟುಂಬಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ವರ್ಷದಲ್ಲಿ ಇನ್ನೊಂದಿಲ್ಲ. ಅಡಿಕೆ ಮರ ಹೆಚ್ಚು ನೀರು ಕೇಳುವುದೂ ಕೆರೆ-ಬಾವಿಯಲ್ಲಿ ತಳ ಕಾಣುವುದೂ ಅದೇ ತಿಂಗಳುಗಳಲ್ಲಿ. ಅಂಗಳದ ತುಂಬ ಕೊನೆಯ ಕೊಯ್ಲಿನ ಅಡಿಕೆ ಒಣಗುತ್ತಿರುತ್ತದೆ. ಪೊಳಲಿಯಲ್ಲಿ ಮಾರ್ಚ್ ನಡುವಿಗೆ ಕೊಡಿ ಏರಿದ ಜಾತ್ರೆ ಏಪ್ರಿಲ್‌ವರೆಗೂ ನಡೆಯುತ್ತದೆ. ಅದರ ಬೆನ್ನಿಗೆ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಕುಟುಂಬದ ಮನೆಯ ನೇಮ. ಇವೆಲ್ಲ ಬಿಟ್ಟು ಹೊರಟವರು ಪ್ಯಾರಿಸ್‌ನಲ್ಲಿ ನಿಂತರೂ ಪಂಪಿನ ಸ್ವಿಚ್ಚಿನ ಬಗ್ಗೆಯೇ ಊರಿಗೆ ಫೋನು ಮಾಡುತ್ತಿರುತ್ತಾರೆ.

ತುಳುನಾಡಿಗೆ ತನ್ನದೇ ಬಿಡುವಿನ ಲೆಕ್ಕವೊಂದು ಮೊದಲಿನಿಂದ ಇದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ, ಪತ್ತನಾಜೆ. ಅಲ್ಲಿಗೆ ಜಾತ್ರೆ, ನೇಮ, ಕೋಲಗಳು ನಿಲ್ಲುತ್ತವೆ. ತಿರುಗಾಟದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಊರು ಎದ್ದು ಕೂರುವುದು ದೀಪಾವಳಿಯ ಹೊತ್ತಿಗೆ. ಆಮೇಲೆ ಧರ್ಮಸ್ಥಳದ ಲಕ್ಷದೀಪೋತ್ಸವ, ಮೂಡುಬಿದಿರೆಯ ಆಳ್ವಾಸ್ ವಿರಾಸತ್, ಕಡಲಕೆರೆಯ ಕೋಟಿ-ಚೆನ್ನಯ ಕಂಬಳ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ದೂರದ ಪ್ರವಾಸಕ್ಕೆ ಜಾಗ ಹುಡುಕಬೇಕಾದದ್ದು ಪತ್ತನಾಜೆಗೂ ದೀಪಾವಳಿಗೂ ನಡುವೆ.

ಆದರೆ ಪತ್ತನಾಜೆಯ ಮರುದಿನವೇ ಹೊರಡುವಂತಿಲ್ಲ. ಮಳೆ ಹಿಡಿದ ಮೇಲೆ ಕೊಳೆರೋಗದ ಭಯ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಕೃಷಿ ವಿಜ್ಞಾನಿಗಳು ಹೇಳಿಕೊಂಡು ಬಂದದ್ದೂ ಬೆಳೆಗಾರರು ಪಾಲಿಸುವುದೂ ಒಂದೇ ಕ್ರಮ: ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, 100 ಲೀಟರ್ ನೀರು. ಮೊದಲ ಮದ್ದು ಮಳೆಗಾಲದ ಬಾಗಿಲಲ್ಲಿ, ಎರಡನೆಯದು 40-45 ದಿನ ಬಿಟ್ಟು. ಆಟಿ ತಿಂಗಳಲ್ಲಿ ಮಳೆ ಎರಡು ದಿನ ಬಿಡುವು ಕೊಡದೆ ಹೋದರೆ ಈ ಎರಡನೆಯದು ಆಗಸ್ಟ್ ನಡುವಿಗೂ ಜಾರಬಹುದು. ಹಾಗಾಗಿ ಆಗಸ್ಟ್ 20ಕ್ಕಿಂತ ಮೊದಲಿನ ಟಿಕೆಟ್ ತೆಗೆಯದಿರುವುದೇ ಕ್ಷೇಮ. ಅಲ್ಲಿಂದ ಮೊದಲ ಕೊಯ್ಲು ಶುರುವಾಗುವ ನವೆಂಬರ್‌ವರೆಗೆ ತೋಟಕ್ಕೆ ನೀರು ಹಾಯಿಸುವ ಕೆಲಸವಿಲ್ಲ, ಅಂಗಳದಲ್ಲಿ ಒಣಗಿಸಲು ಅಡಿಕೆಯೂ ಇಲ್ಲ. ಅಡಿಕೆ ಮನೆಯ ನಿಜವಾದ ದೀರ್ಘ ರಜೆ ಇದು. ಅಧಿಕ ಮಾಸ ಬಂದ ವರ್ಷ ಇನ್ನಷ್ಟು ಉದ್ದ: 2025ರಲ್ಲಿ ಅಕ್ಟೋಬರ್ 20ಕ್ಕೇ ಬಂದಿದ್ದ ನರಕ ಚತುರ್ದಶಿ 2026ರಲ್ಲಿ ನವೆಂಬರ್ 8ಕ್ಕೆ.

ಈ ಅವಧಿಯೊಳಗೂ ಮನೆಮನೆಗೆ ಲೆಕ್ಕ ಬೇರೆ. ಕ್ರೈಸ್ತ ಕುಟುಂಬಗಳು ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ ಮುಗಿಸಿಯೇ ಹೊರಡಲು ಬಯಸುತ್ತವೆ. ಚೌತಿಗೆ ಗಣಪತಿ ಕೂರಿಸುವ ಮನೆಯವರು ಅದರ ಮರುದಿನ ಹೊರಡಬಹುದು. ಬೆಳ್ತಂಗಡಿಯ ರಬ್ಬರ್ ಬೆಳೆಗಾರರದ್ದು ಪೂರ್ತಿ ಇನ್ನೊಂದು ದಾರಿ. ಎಲೆ ಉದುರಿ ಹೊಸ ಚಿಗುರು ಬರುವ ಫೆಬ್ರವರಿ-ಮಾರ್ಚ್‌ನಲ್ಲಿ ಟ್ಯಾಪಿಂಗ್‌ಗೆ ವಿರಾಮ ಕೊಡುವುದರಿಂದ ಅವರಿಗೆ ಬಿಡುವು ಆಗ. ಥಾಯ್ಲೆಂಡಿನ ಒಣ ಹವೆಯೂ ನ್ಯೂಜಿಲೆಂಡಿನ ಬೇಸಿಗೆಯ ಕೊನೆಯೂ ಅದಕ್ಕೆ ಸರಿಹೊಂದುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ದಸರಾ ರಜೆಯ ಎರಡು ವಾರವಷ್ಟೇ ಸಿಗುತ್ತದೆ. ಒಂದೇ ದೇಶವನ್ನು ನಿಧಾನವಾಗಿ ನೋಡಲು ಅದು ಧಾರಾಳ ಸಾಕು. ಎರಡು ವಾರಕ್ಕೆ ಏಳು ದೇಶ ತೋರಿಸುವ ಪ್ಯಾಕೇಜಿನಲ್ಲಿ ಮಕ್ಕಳು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ.

ಯಾವಾಗ ಎನ್ನುವುದು ನಿಂತ ಮೇಲೆಯೇ ಎಲ್ಲಿಗೆ ಎಂದು ಕೇಳಬೇಕು. ಬಹಳ ಜನ ಇದನ್ನು ತಿರುಗಿಸಿ ಮಾಡುತ್ತಾರೆ, ಮೊದಲು ದೇಶ, ಆಮೇಲೆ ತಿಂಗಳು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಕಾಣುವ ಜಿಲ್ಲೆಯವರು ಸೆಪ್ಟೆಂಬರ್‌ನಲ್ಲಿ ಫುಕೆಟ್‌ಗೆ ಹೋದರೆ ಮಳೆಯಿಂದ ಮಳೆಗೇ ಹೋದಂತೆ. ಆ ಕರಾವಳಿಗೆ ಅತಿ ಹೆಚ್ಚು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ. ವಿಯೆಟ್ನಾಮಿನ ಹೋಯಿ ಆನ್ ಅಕ್ಟೋಬರ್-ನವೆಂಬರ್‌ನಲ್ಲಿ ನೆರೆ ಕಾಣುವ ಊರು. ಫ್ಲಾರಿಡಾಕ್ಕೆ ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ. ಜಪಾನಿಗೂ ಸೆಪ್ಟೆಂಬರ್‌ನಲ್ಲಿ ಟೈಫೂನಿನ ಕಾಟವಿದೆ, ಅಕ್ಟೋಬರ್ ಕೊನೆಗೆ ಆಕಾಶ ತಿಳಿಯಾಗುತ್ತದೆ. ಬಾಲಿಯಲ್ಲಿ ಅಕ್ಟೋಬರ್‌ವರೆಗೂ ಒಣ ಹವೆ. ಆಸ್ಟ್ರೇಲಿಯಾಕ್ಕೆ ಸೆಪ್ಟೆಂಬರ್ ಎಂದರೆ ವಸಂತದ ಆರಂಭ. ಕೀನ್ಯಾದ ಮಾಸಾಯಿ ಮಾರಾದಲ್ಲಿ ಸಾವಿರಾರು ಪ್ರಾಣಿಗಳು ನದಿ ದಾಟುವ ದೃಶ್ಯ ಜುಲೈನಿಂದ ಅಕ್ಟೋಬರ್‌ವರೆಗೆ.

ಈ ಮೂರು ತಾಲೂಕುಗಳ ಕೃಷಿಕರಿಗೆ ಎಲ್ಲಕ್ಕಿಂತ ಮೇಲಾಗಿ ಹೇಳಬೇಕಾದದ್ದು ಸೆಪ್ಟೆಂಬರಿನ ಆಲ್ಪ್ಸ್ ಸೀಮೆ. ಯುರೋಪಿನ ಶಾಲೆಗಳು ಮತ್ತೆ ತೆರೆದು ಜನಜಂಗುಳಿ ಇಳಿದಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ, ಬೆಟ್ಟದ ರಸ್ತೆಗಳು ತೆರೆದಿರುತ್ತವೆ. ಬೇಸಿಗೆಯಿಡೀ ಎತ್ತರದ ಹುಲ್ಲುಗಾವಲಿನಲ್ಲಿ ಮೇಯ್ದ ದನಗಳನ್ನು ಸ್ವಿಟ್ಜರ್ಲೆಂಡಿನ ಹಳ್ಳಿಯವರು ಕೊರಳಿಗೆ ದೊಡ್ಡ ಗಂಟೆ ಕಟ್ಟಿ, ತಲೆಗೆ ಹೂ ಮುಡಿಸಿ ಕೆಳಗಿನ ಊರಿಗೆ ಕರೆತರುವುದು ಆ ತಿಂಗಳಲ್ಲೇ. ದ್ರಾಕ್ಷಿ ತೋಟಗಳಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಕೊಂಡೊಯ್ಯುವ ಮನೆಯವರು ಅಲ್ಲಿಯ ಹಾಲಿನ ಸಹಕಾರ ವ್ಯವಸ್ಥೆಯನ್ನು, ಕಡಿದಾದ ಇಳಿಜಾರಿನಲ್ಲಿ ಕೆಲಸ ಹಗುರ ಮಾಡುವ ಪುಟ್ಟ ಯಂತ್ರಗಳನ್ನು ನೋಡಿ ಬಂದರೆ ಆ ಪ್ರವಾಸಕ್ಕೆ ಫೋಟೊಗಿಂತ ದೊಡ್ಡ ಫಲವಿರುತ್ತದೆ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಸೆಪ್ಟೆಂಬರ್ ಪ್ರವಾಸದ ಕಾಗದಪತ್ರದ ಕೆಲಸ ಮೇ ತಿಂಗಳಲ್ಲೇ ಮುಗಿದರೆ ಜೂನ್-ಜುಲೈಯ ಮಳೆಯಲ್ಲಿ ಬೆಂಗಳೂರಿಗೆ ಓಡಾಡುವುದು ತಪ್ಪುತ್ತದೆ. ಪಾಸ್‌ಪೋರ್ಟಿನ ಹೆಸರನ್ನು ಇನ್ನೂ ಮೊದಲು ನೋಡಿಕೊಳ್ಳಬೇಕು. ಹೆಸರಿನ ಜೊತೆ ಇನಿಶಿಯಲ್ ಮಾತ್ರ ಇಟ್ಟುಕೊಂಡು ಬಂದ ನಮ್ಮ ಕಡೆಯ ಹಿರಿಯರಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುತ್ತದೆ. ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆದೀತೆಂದು ಆಮೇಲೆ ಸಡಿಲಿಸಿತು. ಮಗಳ ಮನೆಗೆ ದುಬೈಗೆ ಹೊರಟ ಅಜ್ಜಿಗೆ ಇದು ವಿಮಾನ ನಿಲ್ದಾಣದಲ್ಲಿ ತಿಳಿಯಬಾರದು. ಅವರ ಚೀಲದಲ್ಲಿ ಪಾಯಸಕ್ಕೆಂದು ಕಟ್ಟಿಕೊಂಡ ಗಸಗಸೆಯೂ ಇರಬಾರದು, ಅದು ಅಲ್ಲಿ ನಿಷಿದ್ಧ.

ಮಳೆಗಾಲದ ಪ್ರಯಾಣಕ್ಕೆ ಒಂದು ದೊಡ್ಡ ತೊಡಕಿದೆ, ಘಾಟಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಸಂಚಾರ ಅಸ್ತವ್ಯಸ್ತವಾಯಿತು. 2024ರ ಜುಲೈ ಕೊನೆಗೆ ಶಿರಾಡಿಯಲ್ಲಿ ಗುಡ್ಡ ಜರಿಯಿತು. ಅದೇ ವಾರ ಕಡಗರವಳ್ಳಿ-ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಮಂಗಳೂರು-ಬೆಂಗಳೂರು ರೈಲೂ ನಿಂತಿತು. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ದೇವನಹಳ್ಳಿಯಲ್ಲಿ ವಿಮಾನ ಹತ್ತುವ ರೂಢಿ ಆಗಸ್ಟ್-ಸೆಪ್ಟೆಂಬರಿಗೆ ಒಗ್ಗುವುದಿಲ್ಲ. ಸಾವಿರ-ಎರಡು ಸಾವಿರ ಹೆಚ್ಚಾದರೂ ಕೆಂಜಾರಿನ ಮಂಗಳೂರು ವಿಮಾನ ನಿಲ್ದಾಣದಿಂದಲೇ ಹೊರಡುವುದು ಲೇಸು. ಅದೂ ಕೊನೆಯ ಊರಿನವರೆಗೆ ಒಂದೇ ಟಿಕೆಟ್ಟಿನಲ್ಲಿ. ಮಂಜು ಮುಸುಕಿ ಮೊದಲ ವಿಮಾನ ತಡವಾದರೂ ಮುಂದಿನ ವ್ಯವಸ್ಥೆ ಆಗ ವಿಮಾನ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ತೆಗೆದವರು ಆ ಹೊಣೆಯನ್ನು ತಾವೇ ಹೊರಬೇಕಾಗುತ್ತದೆ.

ಇಷ್ಟಾದರೂ ಉಳಿಯುವುದು ಮನೆಯ ಪ್ರಶ್ನೆ. ಮಳೆ ಅಕ್ಟೋಬರ್‌ವರೆಗೆ ಎಳೆದರೆ ಮೂರನೇ ಮದ್ದು ಬೇಕು. ಹಟ್ಟಿಯ ದನ ಕರೆಯಬೇಕು. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಮೆಸ್ಕಾಂಗೆ ಫೋನು ಮಾಡಲು ಒಬ್ಬರು ಇರಬೇಕು. ಗಂಡ-ಹೆಂಡತಿ ಇಬ್ಬರೇ ಇರುವ ಮನೆಗಳು ಈ ಕಡೆ ಎಷ್ಟೋ; ಹಣವಿದ್ದೂ, ಮಕ್ಕಳು ಕರೆದೂ, ಅವರು ಹೊರಡದಿರುವುದು ಇದೇ ಕಾರಣಕ್ಕೆ. ಇಲ್ಲಿ ಊರಿನ ಕೃಷಿ ಪತ್ತಿನ ಸಹಕಾರಿ ಸಂಘಗಳು ಮುಂದೆ ಬರಬೇಕು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಏರದೆ ನೆಲದಲ್ಲೇ ನಿಂತು ಮದ್ದು ಬಿಡಲು ಸಾಧ್ಯವಾಗಿದೆ. ತರಬೇತಾದ ನಾಲ್ಕು ಯುವಕರ ತಂಡವೊಂದನ್ನು ಸಂಘ ಇಟ್ಟುಕೊಂಡು, ಮನೆಯವರಿಲ್ಲದ ತೋಟಕ್ಕೆ ನಿಗದಿತ ದರದಲ್ಲಿ ಮದ್ದು ಬಿಟ್ಟು ಫೋಟೊ ಕಳಿಸುವ ವ್ಯವಸ್ಥೆ ಮಾಡಿದರೆ ಹಳ್ಳಿಯ ಹುಡುಗರಿಗೂ ಕೆಲಸ, ಹಿರಿಯರಿಗೂ ಬಿಡುಗಡೆ. ಸಾಲ ಮತ್ತು ಗೊಬ್ಬರದಷ್ಟೇ ಇದೂ ಸಂಘದ ಸೇವೆಯಾಗಬೇಕು.

ಹೊರಗಿರುವ ಮಕ್ಕಳೂ ತಮ್ಮ ಲೆಕ್ಕವನ್ನು ಸ್ವಲ್ಪ ಬದಲಿಸಬೇಕಾಗಿದೆ. ಗಲ್ಫಿನ ಶಾಲೆಗಳಿಗೆ ರಜೆ ಜುಲೈ-ಆಗಸ್ಟ್‌ನಲ್ಲಿ ಇರುವುದರಿಂದ ಅವರು ಊರಿಗೆ ಬರುವುದು ಸುರಿಯುವ ಮಳೆಗೆ, ಅದೂ ವಿಮಾನ ದರ ಏರಿದ ಹೊತ್ತಿಗೆ. ಅವರ ಮಕ್ಕಳು ವರ್ಷ ವರ್ಷ ಬಂದರೂ ಕಂಬಳದ ಕರೆಯಲ್ಲಿ ಕೋಣ ಓಡುವುದನ್ನು, ಬಯಲಾಟವನ್ನು ನೋಡಿರುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಡಿಸೆಂಬರಿನ ರಜೆಗೆ ಊರು, ಸೆಪ್ಟೆಂಬರ್-ಅಕ್ಟೋಬರಿಗೆ ಅಪ್ಪ-ಅಮ್ಮ ಅಲ್ಲಿಗೆ ಎಂದು ಅದಲುಬದಲು ಮಾಡಿಕೊಳ್ಳಬಹುದು. ಪಿಂಚಣಿ ಪಡೆಯುವ ಹಿರಿಯರಾದರೆ ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೂ ಆಗ ಊರಲ್ಲೇ ಇರುತ್ತಾರೆ.

ಈ ಊರುಗಳಿಂದ ಅತಿ ದೀರ್ಘ ಕಾಲ ವಿದೇಶಕ್ಕೆ ಹೋಗುವವರು ಯಾರೆಂದರೆ ಸೊಸೆಯ ಅಥವಾ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ತಾಯಂದಿರು. ಅವರಿಗೆ ತಿಂಗಳು ಆರಿಸುವ ಅವಕಾಶವೇ ಇಲ್ಲ, ಹೆರಿಗೆಯ ದಿನವೇ ಅದನ್ನು ಆರಿಸುತ್ತದೆ. ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವ ಆರು ತಿಂಗಳು ಎಣ್ಣೆ-ನೀರು, ಅಡುಗೆ, ತೊಟ್ಟಿಲಲ್ಲಿ ಕಳೆದು, ಮನೆಯಿಂದ ಅಂಗಡಿಯವರೆಗಿನ ದಾರಿ ಬಿಟ್ಟು ಬೇರೇನೂ ಕಾಣದೆ ಅವರು ಮಂಗಳೂರಿನಲ್ಲಿ ಬಂದಿಳಿಯುತ್ತಾರೆ. ಅದನ್ನು ರಜೆ ಎನ್ನುವುದು ಅನ್ಯಾಯ. ಮೇ ತಿಂಗಳ ಹೆರಿಗೆಗೆ ಏಪ್ರಿಲ್‌ನಲ್ಲಿ ಹೋದ ತಾಯಿಗೆ ಅಕ್ಟೋಬರ್‌ವರೆಗೆ ಸಮಯವಿದೆ. ಸೆಪ್ಟೆಂಬರ್ ಕೊನೆಯಿಂದ ನ್ಯೂ ಇಂಗ್ಲೆಂಡಿನ ಕಾಡುಗಳು ಕೆಂಪು, ಹಳದಿಗೆ ತಿರುಗುತ್ತವೆ. ನಯಾಗರದ ದೋಣಿಗಳು ಆಗಲೂ ಓಡುತ್ತಿರುತ್ತವೆ. ಮಗುವಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಎರಡು ವಾರದ ರಜೆಯನ್ನು ಅಮ್ಮನ ಹೆಸರಿನಲ್ಲಿ ಕಚೇರಿಗೆ ಬರೆದುಕೊಟ್ಟು, ಊರಿನಿಂದ ಅಪ್ಪನಿಗೂ ಒಂದು ಟಿಕೆಟ್ ತೆಗೆಯುವ ಕೆಲಸವನ್ನು ಮಕ್ಕಳು ಹೆರಿಗೆಗೆ ಮೊದಲೇ ಮಾಡಿಡಬೇಕು.