ಉಪಗ್ರಹದ ಚಿತ್ರವೂ ಹೊಲದ ಸಾಕ್ಷ್ಯವೂ

ಪೈರಿನ ಸ್ಥಿತಿಯನ್ನು ಉಪಗ್ರಹದ ಚಿತ್ರಗಳಿಂದ ನಿರ್ಣಯಿಸುವ ಪದ್ಧತಿಯು ಈಗ ಬಳಕೆಗೆ ಬಂದಿದೆ. ಕೇಂದ್ರ ಸರ್ಕಾರದವರು 2016ನೇ ಇಸವಿಯಲ್ಲಿ ಹೊರಡಿಸಿದ ಬರ ನಿರ್ವಹಣೆಯ ಕೈಪಿಡಿಯಲ್ಲಿ ಮಳೆಯ ಲೆಕ್ಕದೊಡನೆ ಇಂತಹ ಚಿತ್ರಗಳಿಂದ ತೆಗೆದ ಸಸ್ಯಸೂಚ್ಯಂಕಕ್ಕೂ ಸ್ಥಾನವುಂಟು. ಆದಕಾರಣ ಚಿತ್ರವು ಎಲ್ಲಿ ತಪ್ಪಬಹುದೆಂಬುದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಮುಖಂಡರೂ ಜಮೀನುದಾರರೂ ಅರಿತಿರತಕ್ಕದ್ದು.

ಚಿತ್ರಗಳಲ್ಲೆಲ್ಲ ಸೂಕ್ಷ್ಮವಾದದ್ದು ಹೈಪರ್‌ಸ್ಪೆಕ್ಟ್ರಲ್ ಎಂಬ ಬಗೆಯದು. ಇದು ಬೆಳಕನ್ನು ನೂರಾರು ಕಿರುಪಟ್ಟಿಗಳಾಗಿ ವಿಂಗಡಿಸುತ್ತದೆ. 2000ದಿಂದ 2017ರ ವರೆಗೆ ಕೆಲಸ ಮಾಡಿದ ಅಮೆರಿಕದ ಇಓ-1 ಉಪಗ್ರಹದ ಹೈಪೀರಿಯನ್ ಯಂತ್ರದಲ್ಲಿ ಪಟ್ಟಿಗಳು 242. ನಮ್ಮ ದೇಶದವರೂ ಇಂಥದೇ ಹೈಸಿಸ್ ಉಪಗ್ರಹವನ್ನು 2018ನೇ ನವೆಂಬರ್ 29ರಂದು ಶ್ರೀಹರಿಕೋಟೆಯಿಂದ ಹಾರಿಸಿದರು.

ಆದರೆ ಯಂತ್ರಕ್ಕೆ ಕಾಣುವುದು ಹೊಲವೊಂದೇ ಅಲ್ಲ. ನಡುವಿನ ಗಾಳಿಯ ಧೂಳು ತನ್ನ ಬೆಳಕನ್ನು ಸೇರಿಸುತ್ತದೆ. ನೀರಾವಿಯು ಕೆಲವು ಪಟ್ಟಿಗಳ ಬೆಳಕನ್ನು ನುಂಗುತ್ತದೆ. ಧಾನ್ಯವನ್ನು ತೂಗಿ ಚೀಲದ ತೂಕವನ್ನು ಕಳೆಯುವಂತೆ, ಗಾಳಿಯ ಪಾಲನ್ನು ಲೆಕ್ಕದಿಂದ ತೆಗೆಯುವುದಕ್ಕೆ ವಾಯುಮಂಡಲದ ತಿದ್ದುಪಡಿಯೆಂದು ಹೆಸರು. ಈ ಕೆಲಸಕ್ಕೆ ಫ್ಲಾಶ್ ಮೊದಲಾದ ತಂತ್ರಾಂಶಗಳಿವೆ. ಎಲೆಯ ನೀರು ಬೆಳಕನ್ನು ಹೀರುವುದು 970 ನ್ಯಾನೋಮೀಟರಿನ ಆಸುಪಾಸಿನಲ್ಲಿ. ಗಾಳಿಯ ನೀರಾವಿಯು ಹೀರುವುದು ಅದರ ಪಕ್ಕದ 940ರಲ್ಲಿ. ಚೀಲದ ತೂಕ ತಪ್ಪಿದರೆ ಗಾಳಿಯ ತೇವವೇ ಪೈರಿನ ತೇವವೆಂದು ಲೆಕ್ಕವಾಗಿ, ಹಿರಿಯೂರಿನ ಬಾಡಿದ ಕಡಲೆಕಾಯಿಯು ಕಾಗದದ ಮೇಲೆ ಹಸನಾಗಿ ತೋರಬಹುದು.

ತಂತ್ರಾಂಶವು ಕೆಟ್ಟಿತೆಂದು ದೂರುವ ಸಂದರ್ಭಗಳಲ್ಲಿ ಅನೇಕ ವೇಳೆ ಕೆಟ್ಟಿರುವುದು ಅದಕ್ಕೆ ಉಣಿಸಿದ ಅಂಕಿಗಳೇ. ಫ್ಲಾಶ್ ಕೇಳುವುದು ಗ್ರೀನಿಚ್ ಕಾಲವನ್ನು. ಬೆಳಿಗ್ಗೆ 10-30ಕ್ಕೆ ತೆಗೆದ ಚಿತ್ರಕ್ಕೆ 5-00 ಎಂದು ಬರೆಯದೆ 10-30 ಎಂದೇ ಬರೆದರೆ, ಯಂತ್ರವು ನಮ್ಮ ಸಂಜೆ 4 ಘಂಟೆಯೆಂದು ತಿಳಿದು, ಬಿಸಿಲು ಕ್ಷೀಣವೆಂದೆಣಿಸಿ, ನೆಲವನ್ನು ಇರುವುದಕ್ಕಿಂತ ಹೊಳಪಾಗಿ ತೋರಿಸುತ್ತದೆ. ಎತ್ತರವನ್ನು ಕಿಲೋಮೀಟರಿನಲ್ಲಿ ಕೊಡಬೇಕು. ಚಿತ್ರದುರ್ಗದ ಸುಮಾರು 730 ಮೀಟರು ಅಲ್ಲಿ 0.73 ಆಗಬೇಕು. ಹಿರಿಯೂರು ಇದಕ್ಕಿಂತ ಸುಮಾರು ನೂರು ಮೀಟರು ತಗ್ಗಾದ್ದರಿಂದ ಅದೇ ಅಂಕಿಯನ್ನು ಅಲ್ಲಿಗೂ ಹಾಕಲಾಗದು. ಹೈಪೀರಿಯನ್ನಿನ ಅಂಕಿಗಳನ್ನು ಕಣ್ಣಿಗೆ ಕಾಣುವ ಹಾಗೂ ಅದರ ಸಮೀಪದ ಪಟ್ಟಿಗಳಲ್ಲಿ 400ರಿಂದಲೂ, ಅದರಾಚೆಯ ಪಟ್ಟಿಗಳಲ್ಲಿ 800ರಿಂದಲೂ ಭಾಗಿಸಿಯೇ ಫ್ಲಾಶ್‌ಗೆ ಕೊಡತಕ್ಕದ್ದು. ಒಂದನ್ನೇ ಎರಡಕ್ಕೂ ಬಳಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ತಪ್ಪನ್ನು ಹಿಡಿಯುವ ಉಪಾಯವು ಜಿಲ್ಲೆಯಲ್ಲಿಯೇ ಇದೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸಸಾಗರದ ಆಳವಾದ ನೀರು, ತಿದ್ದಿದ ಚಿತ್ರದಲ್ಲಿ ಕಪ್ಪಾಗಿರಬೇಕು. ಅಲ್ಲಿ ಸೊನ್ನೆಗಿಂತ ಕಡಿಮೆಯ ಅಂಕಿ ಬಂದರೆ ಮಬ್ಬನ್ನು ಅತಿಯಾಗಿ ಕಳೆದಂತೆ. ನೀಲಿಯ ಹೊಳಪು ಉಳಿದರೆ ಸಾಲದಷ್ಟು ಕಳೆದಂತೆ. 760, 940, 1140 ನ್ಯಾನೋಮೀಟರುಗಳಲ್ಲಿ ಗರಗಸದಂತಹ ಹಲ್ಲುಗಳು ಕಂಡರೆ ಪಟ್ಟಿಗಳ ಅಳತೆಯನ್ನಾಗಲಿ ನೀರಾವಿಯ ಲೆಕ್ಕವನ್ನಾಗಲಿ ಮತ್ತೊಮ್ಮೆ ನೋಡಬೇಕು. ದಟ್ಟ ಮೋಡದ ಕೆಳಗಿನ ಹೊಲವನ್ನಂತೂ ಯಾವ ತಿದ್ದುಪಡಿಯೂ ತೋರಿಸಲಾರದು.

ಯಂತ್ರ ಹೇಳಿದ್ದೆಲ್ಲ ವೇದವೆಂಬ ಮಾತೂ ಸರಿಯಲ್ಲ; ಆಕಾಶದಿಂದ ನೋಡಿದವರಿಗೆ ಹೊಲದ ಸುದ್ದಿಯೇನು ಗೊತ್ತೆಂಬ ತಾತ್ಸಾರವೂ ಸರಿಯಲ್ಲ. ಚೆನ್ನಾಗಿ ತಿದ್ದಿದ ಚಿತ್ರವು ಒಂದೇ ನೋಟದಲ್ಲಿ ಹೋಬಳಿಯನ್ನೇ ಪರೀಕ್ಷಿಸುತ್ತದೆ; ಆದರೆ ಅದಕ್ಕೆ ನೆಲದ ಜಾಮೀನು ಬೇಕು. ಗ್ರಾಮಮುಖಂಡರು ಬಿತ್ತನೆಯ ದಿನ, ತಳಿ, ನೀರು ಹಾಯಿಸಿದ ದಿನ, ಪೈರು ಬಾಡಿದ ದಿನಗಳನ್ನು ಸರ್ವೆ ನಂಬರುವಾರು ಬರೆದಿಡಲಿ. ಹೊಸದುರ್ಗದ ತೆಂಗಿನ ತೋಟ, ಹೊಳಲ್ಕೆರೆಯ ಅಡಿಕೆ ತೋಟ, ಹಿರಿಯೂರಿನ ಬೆದ್ದಲು, ಇವುಗಳಿಗೆಲ್ಲ ಬೇರೆ ಬೇರೆ ಸಾಕ್ಷ್ಯವಿರಲಿ. ಚಿತ್ರದ ಆಧಾರದ ಮೇಲೆ ಬೆಳೆನಷ್ಟವಿಲ್ಲವೆಂದು ಯಾರಾದರೂ ಹೇಳಿದರೆ, ಚಿತ್ರವನ್ನು ಯಾವ ದಿನ ತೆಗೆದದ್ದು, ಗಾಳಿಯ ಪಾಲನ್ನು ಹೇಗೆ ಕಳೆದದ್ದು, ಯಾವ ಹೊಲದಲ್ಲಿ ತಾಳೆ ನೋಡಿದ್ದು ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳುವುದು ಅವರ ಹಕ್ಕು. ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುವುದು ಲೆಕ್ಕ ಮಾಡಿದವರ ಕರ್ತವ್ಯ.