ಚರಣ ಕೇಳುವವರಿಲ್ಲ

ನನ್ನ ತರಗತಿಯ ವಿದ್ಯಾರ್ಥಿಗಳಿಗೆ ‘ಸಿಂಗಾರ ಸಿರಿಯೇ’ ಹಾಡಿನ ಪಲ್ಲವಿ ಕಂಠಪಾಠ. ಚರಣವೆಲ್ಲಿ ಎಂದು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. 2022ರ ‘ಕಾಂತಾರ’ ಚಿತ್ರಕ್ಕೆಂದು ಪ್ರಮೋದ್ ಮರವಂತೆ ಬರೆದು, ಅಜನೀಶ್ ಲೋಕನಾಥ್ ರಾಗ ಕೂಡಿಸಿ, ವಿಜಯ್ ಪ್ರಕಾಶ್ ಮತ್ತು ಅನನ್ಯಾ ಭಟ್ ಹಾಡಿದ ಗೀತೆಯದು. ಮೊಬೈಲಿನಲ್ಲಿ ಅರ್ಧ ನಿಮಿಷದ ರೀಲ್ಸ್ ಆಗಿ ಬಂದ ತುಣುಕನ್ನೇ ಇಡೀ ಹಾಡೆಂದು ಭಾವಿಸಿದವರು ಬಹುಮಂದಿ. ಪಲ್ಲವಿ ಹೊಸ್ತಿಲಿದ್ದಂತೆ, ಹೊಸ್ತಿಲಲ್ಲೇ ನಿಂತು ಹಿಂದಿರುಗುವವನನ್ನು ನಮ್ಮ ಹಿರಿಯರು ನಂಟನೆಂದು ಎಣಿಸುತ್ತಿರಲಿಲ್ಲ.

ಚಿತ್ರಕ್ಕೂ ಅದೇ ಗತಿ. ನಡುವಿನ ಹೊಡೆದಾಟಗಳಲ್ಲಿ ಒಂದೆರಡನ್ನು ನಿರ್ದೇಶಕ ರಿಷಬ್ ಶೆಟ್ಟಿಯವರೇ ಕತ್ತರಿಸಿದ್ದರೆ ನನ್ನ ದೂರಿಲ್ಲ. ಆದರೆ ಕೊನೆಯ ಭೂತಕೋಲವೊಂದನ್ನೇ ಬೇರ್ಪಡಿಸಿ ನೋಡುವವರಿಗೆ ಆ ಆವೇಶದ ಕಾರಣ ಹೇಗೆ ತಿಳಿದೀತು?

ಇನ್ನು ವಿಡಿಯೋ ಆಟ. ಕನ್ನಡದ ಮೇಷ್ಟರಿಗೆ ಅದರ ಗೊಡವೆಯೇಕೆ ಎನ್ನಬೇಡಿ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟದಲ್ಲಿ, ಅಸುರರು ಕದ್ದೊಯ್ದ ತಮ್ಮನನ್ನು ಅರಸುತ್ತ ಅಕ್ಕನೊಬ್ಬಳು ಹೊರಡುತ್ತಾಳೆ. ಕತೆಯನ್ನು ದುರ್ಗೆಯೂ ವಿಷ್ಣುವೂ ಹೇಳಿಕೊಳ್ಳುತ್ತಾರೆ. ನಡುನಡುವೆ ನೆರಳುಬೊಂಬೆಗಳು ತೆರೆಯ ಮೇಲೆ ಮೂಡುತ್ತವೆ. ತೊಗಲುಬೊಂಬೆಯಾಟ ಬಲ್ಲ ನಾಡಿನವನಾದ ನನಗೆ ಆ ಭಾಗವೇ ಪರಮಪ್ರಿಯ. ನನ್ನ ಅಕ್ಕನ ಮಗನಾದರೋ ಬೊಂಬೆ ಕಂಡೊಡನೆ, ಅದನ್ನು ಹಾರಿಸಿಬಿಡುವ ಗುಂಡಿ ಯಾವುದೆಂದು ತಡಕಾಡತೊಡಗಿದ. “ಮಾಮ, ಕತ್ತಿಯ ಕಾಳಗ ಯಾವಾಗ?” ಎಂಬುದೇ ಅವನ ಚಿಂತೆ.

ರಸ್ತೆಗೂ ಅಂಥದೊಂದು ಗುಂಡಿ ಬಂದಿದೆ. ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್ ಉದ್ದದ ಈ ಮಾರ್ಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಸಾಗುತ್ತದೆ. ಪ್ರಯಾಣದ ವೇಳೆ ಅರ್ಧಕ್ಕಿಳಿದದ್ದು ನಿಜ. ಆಸ್ಪತ್ರೆಗೆ ಧಾವಿಸುವವರಿಗೆ ಅದು ವರವೇ ಸರಿ. ಹಳೆಯ ರಸ್ತೆಯ ಹೋಟೆಲುಗಳ ಒಲೆ ಮಾತ್ರ ತಣ್ಣಗಾಗತೊಡಗಿತು. ಬಿಡದಿಯ ತಟ್ಟೆ ಇಡ್ಲಿಯನ್ನು ಬಾಳೆಲೆಯ ಮೇಲೆ ಬೆಣ್ಣೆ ಸಮೇತ ಬಡಿಸಿಕೊಳ್ಳಬೇಕಾದರೆ ಈಗ ಬೇಕೆಂದೇ ಕೆಳಗಿನ ದಾರಿ ಹಿಡಿಯಬೇಕು. ಅಕ್ಕಿಹಿಟ್ಟು, ರವೆ, ಮೈದಾ, ಧಾರಾಳವಾಗಿ ಈರುಳ್ಳಿ ಕಲಸಿ ತಟ್ಟಿ ಕರಿದ ಮದ್ದೂರು ವಡೆ ಬೆಂಗಳೂರಿನ ಅಂಗಡಿಗಳಲ್ಲೂ ದೊರೆಯುತ್ತದೆಂದು ಸಮಾಧಾನ ಹೇಳುವವರುಂಟು. ಪೊಟ್ಟಣದಲ್ಲಿ ಬೆವೆತ ವಡೆಗೆ ಆ ಗರಿಗರಿ ಎಲ್ಲಿಂದ ಬರಬೇಕು?

ರೈಲುಮಾರ್ಗ ಮಾತ್ರ ಇಂದಿಗೂ ಮದ್ದೂರನ್ನು ಬಿಟ್ಟಿಲ್ಲ. ವಡೆ ಮಾರುವವರೂ ರೈಲನ್ನು ಬಿಟ್ಟಿಲ್ಲ. ಮುಂದಿನ ರಜೆಗೆ ಮೈಸೂರಿಗೆ ರೈಲಿನಲ್ಲೇ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಅಕ್ಕನ ಮಗನನ್ನೂ ಕರೆದೊಯ್ಯುತ್ತಿದ್ದೇವೆ.