ಲಾಕರ್ ಹಾಕಿಸಬೇಕೋ, ಗರಸು ಹಾಕಿಸಬೇಕೋ

ಮಳೆಗಾಲ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಫೋರ್ ವೀಲ್ ಡ್ರೈವ್ ಗಾಡಿ ಇದೆ, ಡಿಫರೆನ್ಷಿಯಲ್ ಲಾಕರ್ ಹಾಕಿಸಲೋ ಬೇಡವೋ? ಈ ಸಲ ಇಬ್ಬರು ಕೇಳಿದ್ದಾರೆ. ಒಬ್ಬರು ದಾವಣಗೆರೆಯವರು, ನಾಶಿಕದಲ್ಲಿ ನೆಲೆಸಿ ಹದಿನೈದು ವರ್ಷ. ರವಿವಾರ ಬಂದರೆ ಇಗತಪುರಿ, ತ್ರ್ಯಂಬಕದ ಕಡೆ ಗುಡ್ಡ ಹತ್ತಿಸುವ ಚಟ. ಇನ್ನೊಬ್ಬರು ಗದಗಿನವರು, ಕೆಲಸ ಛತ್ರಪತಿ ಸಂಭಾಜಿನಗರದ ವಾಳೂಜಿನಲ್ಲಿ. ಹೆಂಡತಿಯ ತವರು ವೈಜಾಪುರದ ಕಡೆ, ಹೊಲದಲ್ಲೇ ಮನೆ. ಮಾವನವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಎರೆಮಣ್ಣಿನ ದಾರಿ. "ಮಳಿ ಹಿಡದ್ರ ಮಾವನ್ನ ಹೊರಗ ತರೂದು ಹೆಂಗ್ರೀ? ಲಾಕರ್ ಹಾಕಸ್ಲೇನು?" ಎಂದು ಫೋನಿನಲ್ಲಿ ಕೇಳಿದರು. ಇಬ್ಬರದೂ ಲಾಕರ್ ಇಲ್ಲದ ಥಾರ್. ಆದರೆ ಇಬ್ಬರಿಗೂ ನನ್ನ ಉತ್ತರ ಒಂದೇ ಅಲ್ಲ.

ಮೊದಲು ಡಿಫರೆನ್ಷಿಯಲ್ ಅಂದರೇನು ಎಂದು ನೋಡೋಣ. ನಮ್ಮ ಚಕ್ಕಡಿಯಲ್ಲಿ ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳುತ್ತದೆ, ಒಳಗಿನದು ಕಡಿಮೆ, ಯಾರಿಗೂ ತಕರಾರಿಲ್ಲ. ಎಂಜಿನ್ ಇರುವ ಗಾಡಿಯಲ್ಲಿ ಎರಡೂ ಗಾಲಿಗಳಿಗೆ ಶಕ್ತಿ ಕೊಡಬೇಕು, ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡಬೇಕು. ಆ ಕೆಲಸ ಡಿಫರೆನ್ಷಿಯಲ್‌ನದು. ಅದರ ದೌರ್ಬಲ್ಯವೂ ಅಲ್ಲೇ ಇದೆ. ಅದು ಎರಡೂ ಗಾಲಿಗಳಿಗೆ ಸಮನಾದ ತಿರುಚು ಬಲ ಕೊಡುತ್ತದೆ. ಒಂದು ಗಾಲಿ ಗಾಳಿಯಲ್ಲಿ ತೇಲಿದರೆ ಅದನ್ನು ತಿರುಗಿಸಲು ಬೇಕಾದ ಬಲ ಸ್ವಲ್ಪವೇ, ನೆಲ ಹಿಡಿದಿರುವ ಇನ್ನೊಂದಕ್ಕೂ ಅಷ್ಟೇ ಸ್ವಲ್ಪ. ತೇಲಿದ್ದು ಗರಗರ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೂ ಅಷ್ಟೆ: ಮುಂದಿನದೊಂದು, ಹಿಂದಿನದೊಂದು ಗಾಲಿ ಎದ್ದರೆ ಉಳಿದೆರಡು ಸುಮ್ಮನೆ ಕೂರುತ್ತವೆ.

ಲಾಕರ್ ಎಡ ಬಲ ಗಾಲಿಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ಇದೇನೂ ಪರದೇಶದ ವಿದ್ಯೆಯಲ್ಲ. ಟ್ರ್ಯಾಕ್ಟರ್ ಓಡಿಸಿದವರನ್ನು ಕೇಳಿ. ಹಿಂದಿನ ಒಂದು ಗಾಲಿ ಕೆಸರಿನಲ್ಲಿ ತಿರುಗತೊಡಗಿದರೆ ಹಿಮ್ಮಡಿಯ ಹತ್ತಿರದ ಪೆಡಲ್ ಒತ್ತುತ್ತಾರೆ, ದಾಟಿದ ಮೇಲೆ ಬಿಡುತ್ತಾರೆ. ಒತ್ತಿಕೊಂಡೇ ತಿರುಗಿಸಬಾರದೆಂದು ಅವರಿಗೆ ಗೊತ್ತು. ಜೀಪಿನ ಲಾಕರ್ ಬಗ್ಗೆ ತಿಳಿಯಬೇಕಾದ ಅರ್ಧ ಪಾಠ ಇಷ್ಟೇ.

ಈಗ ಮಣ್ಣಿನ ವಿಷಯ. ನಾಶಿಕದಿಂದ ಯೇವಲಾ, ವೈಜಾಪುರದ ಮೇಲೆ ಸಂಭಾಜಿನಗರಕ್ಕೆ ಸುಮಾರು 200 ಕಿಲೋಮೀಟರ್. ಇಷ್ಟರಲ್ಲಿ ಲೋಕವೇ ಬದಲಾಗುತ್ತದೆ. ನಾಶಿಕ ಜಿಲ್ಲೆಯ ಪಶ್ಚಿಮದ ತುದಿಯಲ್ಲಿರುವ ಇಗತಪುರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಮಣ್ಣು ತೊಳೆದುಹೋಗಿ ಕಪ್ಪು ಬಂಡೆ ಮೇಲೆದ್ದಿದೆ. ಹಳ್ಳ ದಾಟುವಾಗ ಒಂದು ಗಾಲಿ ಬಂಡೆಯ ಮೇಲೆ, ಒಂದು ಗುಂಡಿಯಲ್ಲಿ. ಸಂಭಾಜಿನಗರದಲ್ಲಿ ಮಳೆ 700 ಮಿಲಿಮೀಟರ್ ಆಸುಪಾಸು, ಆದರೆ ಅದೇ ಬಂಡೆ ಸಾವಿರಾರು ವರ್ಷ ಕರಗಿ ಆದ ಎರೆಭೂಮಿ ಅಲ್ಲಿದೆ. ನೀರು ಕುಡಿದರೆ ಉಬ್ಬುವ ಜೇಡಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಗದಗ, ವಿಜಯಪುರದವರಿಗೆ ನಾನೇನು ಹೇಳಬೇಕಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಎರಡು ಕಿಲೋ ಅಂಟುವ ಮಣ್ಣದು.

ಆ ಮಣ್ಣು ಚಪ್ಪಲಿಗೆ ಮಾಡುವುದನ್ನೇ ಟೈರಿಗೂ ಮಾಡುತ್ತದೆ. ಹಲ್ಲುಗಳ ನಡುವೆ ತುಂಬಿಕೊಂಡು ಟೈರನ್ನು ನುಣ್ಣನೆಯ ಉರುಳೆ ಮಾಡಿಬಿಡುತ್ತದೆ. ಆಗ ನಾಲ್ಕೂ ಗಾಲಿ ಜಾರುತ್ತವೆ. ಲಾಕರ್ ಕೆಲಸ ಮಾಡಬೇಕಾದರೆ ಒಂದು ಗಾಲಿಯಾದರೂ ನೆಲ ಹಿಡಿದಿರಬೇಕು; ಯಾವುದೂ ಹಿಡಿಯದಿದ್ದರೆ ಬಿಗಿದು ಫಲವೇನು? ಇನ್ನೊಂದು ಅಪಾಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಹೊಲದ ದಾರಿ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಒಂದೇ ಗಾಲಿ ಜಾರಿದರೆ ಇನ್ನೊಂದು ಗಾಡಿಯ ಹಿಂಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಾಕ್ ಮಾಡಿ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಗಾಡಿಯ ಹಿಂಭಾಗ ಮೆಲ್ಲನೆ ಚರಂಡಿಯತ್ತ ಸರಿಯುತ್ತದೆ. ಒಳಗೆ ಕಾಯಿಲೆಯವರನ್ನು ಕೂರಿಸಿಕೊಂಡಾಗ ಅದು ಬೇಡವೇ ಬೇಡ.

ಅದಕ್ಕೆ ಗದಗಿನವರಿಗೆ ಹೇಳಿದ್ದು: ಆ ಹಣದಲ್ಲಿ ಮೊದಲು ಒಳ್ಳೆಯ ಮಡ್ ಟೈರ್ ಹಾಕಿಸಿ. ಉಳಿದದ್ದನ್ನು ದಾರಿಗೆ ಸುರಿಯಿರಿ. ಎರಡು ಕಿಲೋಮೀಟರಿಗೂ ಬೇಕಿಲ್ಲ; ನೀರು ನಿಲ್ಲುವ ತಗ್ಗು ಯಾವುವೆಂದು ಮಾವನವರಿಗೇ ಬಾಯಿಪಾಠ ಇರುತ್ತದೆ. ಅಲ್ಲಿಗೆ ಗರಸು, ಮರಾಠಿಯಲ್ಲಿ ಮುರುಮ್, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ತಂದು ಹಾಕಿಸಿ, ಪಕ್ಕದಲ್ಲಿ ಕಾಲುವೆ ತೋಡಿಸಿ. ಆಂಬ್ಯುಲೆನ್ಸಿಗೆ ಲಾಕರ್ ಇರುವುದಿಲ್ಲ. ನಿಮ್ಮ ಗಾಡಿ ಕೆಟ್ಟ ದಿನ ಅದೂ ಬರುವಂತಿರಬೇಕು. ಮಳೆ ಜೋರಿದ್ದರೆ ಡಯಾಲಿಸಿಸ್‌ನ ಹಿಂದಿನ ಸಂಜೆಯೇ ಅವರನ್ನು ನಗರದ ಮನೆಗೆ ಕರೆತನ್ನಿ. "ಮಾವ ಒಪ್ಪೂದಿಲ್ರೀ, ಎತ್ತಿಗೆ ನೀರು ತೋರಸವ್ರು ಯಾರಂತಾರ" ಎಂದರು. ಅದನ್ನು ಬಿಡಿಸುವ ಲಾಕರ್ ನನ್ನಲ್ಲಿಲ್ಲ.

ದಾವಣಗೆರೆಯವರ ಮಾತು ಬೇರೆ. ಬಂಡೆಯ ಮೇಲೆ ಗಾಲಿ ಎದ್ದು ನಿಲ್ಲುವ ಜಾಗದಲ್ಲಿ ಲಾಕರಿನಷ್ಟು ಉಪಕಾರಿ ಇನ್ನೊಂದಿಲ್ಲ. ಅದಿಲ್ಲದವರು ವೇಗದಿಂದ ಹಾರಿಸಿ ದಾಟಲು ನೋಡುತ್ತಾರೆ, ಆಕ್ಸಲ್ ಮುರಿಯುವುದು ಆಗಲೇ. ಅವರಿಗೆ ಹಿಂದಿನದಕ್ಕೆ ಮಾತ್ರ ಹಾಕಿಸಿ ಎಂದೆ. ಮುಂದಿನದನ್ನೂ ಬಿಗಿದರೆ ಸ್ಟೀರಿಂಗ್ ಕಲ್ಲಾಗುತ್ತದೆ, ಮುಂದಿನ ಶಾಫ್ಟುಗಳ ಮೇಲೆ ಒತ್ತಡ ಬೀಳುತ್ತದೆ.

ಯಾವುದು ಹಾಕಿಸಬೇಕು? ಈಟನ್‌ನ ಯಾಂತ್ರಿಕ ಲಾಕರ್ ತಾನಾಗಿಯೇ ಹಿಡಿಯುತ್ತದೆ: ಒಂದು ಗಾಲಿ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಹೆಚ್ಚು ತಿರುಗಿದಾಗ, ಅದೂ ವೇಗ ಕಡಿಮೆ ಇದ್ದಾಗ ಮಾತ್ರ. ಅಂದರೆ ಗಾಲಿ ಸ್ವಲ್ಪ ತಿರುಗಲೇಬೇಕು, ಹಿಡಿದಾಗ ಧಡ್ ಎನ್ನುತ್ತದೆ. ಆಸ್ಟ್ರೇಲಿಯಾದ ಎಆರ್‌ಬಿಯ ಏರ್ ಲಾಕರ್ ಗುಂಡಿ ಒತ್ತಿದರೆ ಗಾಳಿಯ ಒತ್ತಡದಿಂದ ಹಿಡಿಯುತ್ತದೆ. ಗುಡ್ಡದ ಬುಡದಲ್ಲೇ ಹಾಕಿಕೊಳ್ಳಬಹುದು, ಆದರೆ ಕಂಪ್ರೆಸರ್, ಪೈಪು, ಖರ್ಚು ಎಲ್ಲ ಹೆಚ್ಚು. ಹೊಸ ಗಾಡಿ ಕೊಳ್ಳುವವರಾದರೆ ಈ ತಲೆನೋವೇ ಬೇಡ. ಫೋರ್ಸ್ ಗೂರ್ಖಾಕ್ಕೆ ಹಿಂದೆ ಮುಂದೆ ಎರಡೂ ಕಂಪನಿಯಿಂದಲೇ ಬರುತ್ತವೆ. ನಾಶಿಕದಲ್ಲೇ ತಯಾರಾಗಿ 2024ರಲ್ಲಿ ಬಂದ ಥಾರ್ ರಾಕ್ಸ್‌ನ ಫೋರ್ ವೀಲ್ ಡ್ರೈವ್ ಮಾದರಿಯಲ್ಲಿ ಹಿಂದಿನ ಆಕ್ಸಲ್‌ಗೆ ವಿದ್ಯುತ್ ಲಾಕರ್ ಇದೆ. ಜಿಮ್ನಿಯದು ಜಾರುವ ಗಾಲಿಗೆ ಬ್ರೇಕ್ ಹಾಕುವ ಉಪಾಯ; ಹಗುರ ಗಾಡಿಗೆ ಅದು ಸಾಕಷ್ಟು ದೂರ ಸಾಗುತ್ತದೆ.

ಹೊರಗೆ ಹಾಕಿಸುವವರು ವಾರಂಟಿ ಪುಸ್ತಕವನ್ನು ಮೊದಲು ಓದಿ, ವಿಮೆಯವರಿಗೆ ಬರೆದು ತಿಳಿಸಿ. ಗ್ಯಾರೇಜಿನವರಿಗೆ ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲವನ್ನು ಡಯಲ್ ಗೇಜಿನಲ್ಲಿ ಅಳೆಯುತ್ತೀರಾ ಎಂದು ಕೇಳಿ. "ಅಂದಾಜು ಇದೆ ಸಾಹೇಬ್" ಎಂದರೆ ಚಹಾ ಕುಡಿದು ಎದ್ದು ಬನ್ನಿ. ಹಾಕಿಸಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಣ್ಣೆ ಬದಲಾಯಿಸಿ, ಹೊರಬಂದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ನುಣ್ಣನೆಯ ಪುಡಿ ಇದ್ದರೆ ಚಿಂತೆಯಿಲ್ಲ, ಚೂರುಗಳಿದ್ದರೆ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ.